ವಿಚಾರಿಸಲು ಬಂದವರಿಗೆ ಏಲಕ್ಕಿ ಚಹಾ

ಇವತ್ತು ಬೆಳಿಗ್ಗೆ ಆಫೀಸಿಗೆ ಬಂದವರೊಬ್ಬರಿಗಾಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ದೇ ತಡ, ಏಲಕ್ಕಿಯ ಪರಿಮಳ ಬಂತು. ಅದರ ಹಿಂದೆಯೇ ಗಿರಿಜಕ್ಕ ನೆನಪಾದರು.

ಆಗ ನಾನು ಪೀಣ್ಯದ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಹೊಸಬಳು. ಹುಬ್ಬಳ್ಳಿ ಕಡೆಯ ಗಿರಿಜಕ್ಕ ನನ್ನ ಮೇಲಧಿಕಾರಿ. ನಿಮಗೂ ಗೊತ್ತಿರಬೇಕು, ನಮ್ಮಲ್ಲಿ ಮದುವೆ ಮಾತು ಶುರುವಾದರೆ ಯಾರಾದರೊಬ್ಬ ಹಿರಿಯರು ಹುಡುಗನೋ ಹುಡುಗಿಯೋ ಕೆಲಸ ಮಾಡುವ ಜಾಗಕ್ಕೆ ಸದ್ದಿಲ್ಲದೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಸಂಬಳವೆಷ್ಟು, ನಡತೆ ಹೇಗೆ, ಕುಡಿಯುತ್ತಾನಾ. ಬಂದವರಿಗೆಲ್ಲ ಗಿರಿಜಕ್ಕ ಮನೆಯಿಂದ ತಂದ ಏಲಕ್ಕಿ ಚಹಾ ಕೊಡುತ್ತಿದ್ದರು. ಸುದ್ದಿ ಮಾತ್ರ ಕೊಡುತ್ತಿರಲಿಲ್ಲ.

"ನಮ್ಮ ಮಂದಿ ವಿಷಯ ಹೇಳಾಕ ಬರಂಗಿಲ್ರಿ. ಅವರನ್ನ ಕೇಳ್ರಿ. ಚಾ ತಗೋರಿ."

ಅವರು ಹೋದ ಮೇಲೆ ಆ ನೌಕರನನ್ನು ಕರೆದು, ಹೀಗೊಬ್ಬರು ಬಂದಿದ್ದರು ಎಂದು ತಿಳಿಸುತ್ತಿದ್ದರು. ಹೀಗೆ ಬಾಯಿ ಕಟ್ಟಿಕೊಂಡಿರುವುದು ನನಗೋ ಶಿಕ್ಷೆ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಅಮ್ಮ ಆಗಲೇ ಊರಿಗೆಲ್ಲ ಸಾರಿದ್ದಳು.

ಒಂದು ದಿನ ಆನೇಕಲ್ಲಿನ ಹಿರಿಯರೊಬ್ಬರು ಬಂದು ನನ್ನೆದುರು ಕುಳಿತರು. ನನ್ನದೇ ಹೆಸರು ಹೇಳಿ ವಿಚಾರಿಸತೊಡಗಿದರು!

"ಆ ಉಡ್ಗಿ ಎಂಗಮ್ಮ? ಬಾಯಿ ಜಾಸ್ತಿನಾ? ಸಂಬಳ ಎಷ್ಟು ಬತ್ತದೆ?"

ಮನೆಯಲ್ಲಿ ನನಗೆ ಆನೇಕಲ್ಲಿನ ಸಂಬಂಧವೊಂದರ ಮಾತು ನಡೆದಿತ್ತು. ಇವರು ಹುಡುಗನ ದೊಡ್ಡಪ್ಪನೇ ಇರಬೇಕು. ಫೋಟೊದಲ್ಲಿ ನೋಡಿದ್ದ ಆ ಹುಡುಗ ನನಗೆ ತುಂಬ ಹಿಡಿಸಿದ್ದ. ನನ್ನ ಫೋಟೊ ಇವರೂ ನೋಡಿರಬೇಕು, ಆದರೆ ಅದರಲ್ಲಿ ರೇಷ್ಮೆ ಸೀರೆ, ಮಲ್ಲಿಗೆ, ಸ್ಟುಡಿಯೋದವನ ಕೈಚಳಕ. ಇಲ್ಲಿ ಕಾರ್ಖಾನೆಯ ನೀಲಿ ಕೋಟು, ಕೆದರಿದ ತಲೆ; ಗುರುತೇ ಸಿಕ್ಕಿರಲಿಲ್ಲ. "ಬಂಗಾರದಂಥ ಹುಡುಗಿ ಸಾರ್" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದ ಮೇಜಿನಿಂದ ಗಿರಿಜಕ್ಕ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

"ಸ್ಟಾಫ್ ಬಗ್ಗೆ ಹೇಳೋ ಹಾಗಿಲ್ಲ ಸಾರ್. ಟೀ ತಗೊಳ್ಳಿ," ಎಂದೆ.

"ಅಂಗಾದ್ರೆ ಏನೋ ಮುಚ್ಚಾಕ್ತಾ ಇದ್ದೀರ!" ಎಂದು ಎದ್ದೇಬಿಟ್ಟರು.

ಸಂಬಂಧವೂ ಅವರ ಜೊತೆಗೇ ಗೇಟು ದಾಟಿತು ಎಂದುಕೊಂಡು ಕಣ್ಣು ತುಂಬಿ ಕುಳಿತೆ. ಗಿರಿಜಕ್ಕ ಮಾತ್ರ ತಮ್ಮ ಪದ್ಧತಿಯಂತೆ ನನ್ನನ್ನು ಕರೆದು ಗಂಭೀರವಾಗಿ ಹೇಳಿದರು: "ನಿನ್ನ ವಿಚಾರಸಾಕ ಒಬ್ಬರು ಬಂದಿದ್ರವಾ. ನಾವೇನೂ ಹೇಳಿಲ್ಲ." ಅಳು ಹೋಗಿ ನಗು ಬಂತು.

ಕೇಳುವುದಿದ್ದರೆ ಅವಳನ್ನೇ ಕೇಳೋಣ ಎಂದು ಹುಡುಗ ಹಟ ಹಿಡಿದನಂತೆ. ಹೆಣ್ಣು ನೋಡಲು ಬಂದೇಬಿಟ್ಟರು. ಕಾಫಿ ಹಿಡಿದು ಬಂದ ನನ್ನನ್ನು ಕಂಡು ದೊಡ್ಡಪ್ಪನವರು ಕೈ ಚಾಚುವುದನ್ನೇ ಮರೆತರು.

"ಅಯ್ಯೋ, ಅವತ್ತು ಕೂತಿದ್ದೋಳು ನೀನೇನಾ! ತನ್ನನ್ನೇ ಒಗಳ್ಕೊಳ್ದೇ ಇದ್ದೋಳು ನಮ್ಮನೆ ಮಾತ ಆಚೆಗಾಕ್ತಾಳಾ? ನಂಗೊಪ್ಗೆ ಕಣ್ರಪ್ಪ."

ಈಗ ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಿರಿಜಕ್ಕನ ಕುರ್ಚಿಯಂಥದೇ ಕುರ್ಚಿಯಲ್ಲಿದ್ದೇನೆ. ಇವತ್ತು ಬಂದವರು ಅದೇ ದೊಡ್ಡಪ್ಪನವರು, ಈಗ ನನಗೆ ದೊಡ್ಡಮಾವ. ಮೊಮ್ಮಗಳಿಗೆ ನಮ್ಮ ಕಂಪನಿಯ ಹುಡುಗನೊಬ್ಬನನ್ನು ನೋಡಿದ್ದಾರೆ.

"ನೀನು ಮನೆ ಸೊಸೆ. ನನ್ನತ್ರ ಏನಮ್ಮ ಗುಟ್ಟು?"

ನಾನು ಚಹಾ ಬಗ್ಗಿಸಿ ಮುಂದಿಟ್ಟೆ. ದೊಡ್ಡಮಾವ ಲೋಟ ನೋಡಿದರು, ನನ್ನ ಮುಖ ನೋಡಿದರು, ಗೊಳ್ಳನೆ ನಕ್ಕರು. "ಆಯ್ತು ಬುಡು, ಉಡ್ಗನ್ನೇ ಕೇಳ್ತೀನಿ." ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದು ಆ ಹುಡುಗನನ್ನು ಕರೆದು ವಿಷಯ ತಿಳಿಸಿದೆ. ಒಂದು ಕಾಲದ ಶಿಕ್ಷೆ ಈಗ ಹಿತವಾಗಿತ್ತು.

ಹುಡುಗ ಹೇಗೆ ಎಂದು ನೀವೂ ಕೇಳಬೇಕೆಂದಿದ್ದೀರಿ, ಅಲ್ಲವೇ? ಫ್ಲಾಸ್ಕಿನಲ್ಲಿ ಇನ್ನೂ ಒಂದು ಲೋಟ ಚಹಾ ಇದೆ, ಬನ್ನಿ.