ಐತವಾರದ ಗುಳಿಗೆ

ಆಷಾಢ ಕೃಷ್ಣ ಅಷ್ಟಮಿ. ಆಧಾರ: ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗಿರುವ ಮರಾಠಿ ಕ್ಯಾಲೆಂಡರು, ಅನುಮೋದನೆ: ಕೈಯಲ್ಲಿರುವ ಮೊಬೈಲು. ಈ ಎರಡು ಸಾಕ್ಷಿಗಳು ಒಂದೇ ಮಾತನ್ನು ಆಡಿದ ಮೇಲಷ್ಟೇ ನಾನು ನನ್ನ ಬೆಳಗಿನ ರಕ್ತದೊತ್ತಡದ ಗುಳಿಗೆಯನ್ನು ನುಂಗುವುದು. ನಿವೃತ್ತ ಸಂಶೋಧಕನಿಗೆ ಸಂಶೋಧಿಸಲು ಉಳಿದಿರುವುದು ಇಂದಿನ ದಿನಾಂಕ ಮಾತ್ರ ಎಂಬುದು ನನ್ನ ಹೆಂಡತಿಯ ಸಿದ್ಧಾಂತ. "ಸೂರ್ಯಾ ಹುಟ್ಯಾನ, ಅಷ್ಟ ಸಾಲೂದಿಲ್ಲೇನ್ರಿ ನಿಮಗ? ಅವಂಗೂ ಸಹಿ ಹಾಕಿಸ್ಕೊಂಡ ಬರ್ಬೇಕೇನ?" ಎಂದು ಆಕೆ ಸೊಲ್ಲಾಪುರದ ಈ ಮನೆಯಲ್ಲಿ ಬಹುತೇಕ ಪ್ರತಿದಿನ ಕೇಳುತ್ತಾಳೆ, ಪ್ರಶ್ನೆಯ ಪುನರಾವರ್ತನೆಯಲ್ಲಿ ಆಕೆಯ ವಿಧಾನ ನನ್ನದಕ್ಕಿಂತ ಶಿಸ್ತುಬದ್ಧವಾದುದು.

ಗುಳಿಗೆಯ ಸ್ಟ್ರಿಪ್ಪಿನ ಬೆನ್ನನ್ನು ನೀವು ಎಂದಾದರೂ ಸಾವಧಾನವಾಗಿ ಓದಿದ್ದೀರೋ ಇಲ್ಲವೋ ತಿಳಿಯದು. ಅದರ ಮೇಲೆ ತಯಾರಾದ ತಿಂಗಳಿರುತ್ತದೆ, ಅವಧಿ ತೀರುವ ತಿಂಗಳಿರುತ್ತದೆ. ಜನನ ಮರಣಗಳೆರಡನ್ನೂ ಮುಂಚಿತವಾಗಿ ಬರೆಸಿಕೊಂಡು ಲೋಕಕ್ಕೆ ಇಳಿಯುವ ಭಾಗ್ಯ ಜಾತಕವುಳ್ಳ ಮನುಷ್ಯನಿಗೂ ಇಲ್ಲ. ಆದರೆ ಆ ಗುಳಿಗೆಯನ್ನು ಒಬ್ಬರು ಮೊದಲ ಬಾರಿಗೆ ಬಾಯಿಗೆ ಹಾಕಿಕೊಂಡ ದಿನ ಯಾವುದು? ಅದಕ್ಕೆ ಜಾಗವಿಲ್ಲ. ಔಷಧದ ಜೀವನದಲ್ಲಿ ಅದಕ್ಕಿಂತ ಮುಖ್ಯವಾದ ದಿನ ಇನ್ನೊಂದಿಲ್ಲವಾದರೂ ಅದನ್ನು ನಾವು ಊಹೆಗೆ ಬಿಟ್ಟುಕೊಟ್ಟಿದ್ದೇವೆ.

ಬಹುಕಾಲ ನಾನು ಔಷಧವಿಜ್ಞಾನವನ್ನು ಬೋಧಿಸಿದವನು. ಔಷಧವು ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಒಂದು ಪತ್ರಿಕೆಯಲ್ಲಿ, ದೇಹವು ಔಷಧಕ್ಕೆ ಏನು ಮಾಡುತ್ತದೆ ಎಂಬುದನ್ನು ಇನ್ನೊಂದು ಪತ್ರಿಕೆಯಲ್ಲಿ ಕಲಿಸುತ್ತಿದ್ದೆವು; ಮನೆಯು ಔಷಧಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಪಠ್ಯಕ್ರಮದಲ್ಲಿ ಪೀರಿಯಡ್ಡೇ ಇರಲಿಲ್ಲ. ಆ ಕೊರತೆಯನ್ನು ತುಂಬಲು ಹೊರಟವಳು ಸುಪ್ರಿಯಾ. ವಳಸಂಗದ ಹುಡುಗಿ, ಮನೆಯಲ್ಲಿ ಆಡುವುದು ಕನ್ನಡ, ಓದಿ ಬರೆಯುವುದು ಮರಾಠಿ, ಪ್ರಬಂಧ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ರೋಗಿಗಳು ಮನೆಗೆ ಹೋದ ಮೇಲೆ ಗುಳಿಗೆಯನ್ನು ಹೇಗೆ ಸೇವಿಸುತ್ತಾರೆ ಎಂಬುದು ಅವಳ ಎಂ.ಫಾರ್ಮ್ ವಿಷಯ. ವಾರ ಬಿಟ್ಟು ವಾರ, ಶನಿವಾರದಂದು, ಅಕ್ಕಲಕೋಟದ ಒಂದು ದವಾಖಾನೆಯಲ್ಲಿ ಕುಳಿತು ರೋಗಿಗಳ ರಕ್ತದೊತ್ತಡ ಅಳೆಯುವಳು, ಅವರು ತಂದ ಖಾಲಿ ಸ್ಟ್ರಿಪ್ಪನ್ನು ನೋಡುವಳು, ಬರೆದುಕೊಳ್ಳುವಳು. ಮಾರ್ಗದರ್ಶನ ಮಾಡಲು ನನ್ನನ್ನು ಕರೆದಿದ್ದಳು. ಮಾರ್ಗ ಅವಳಿಗೆ ಗೊತ್ತಿದ್ದುದರಿಂದ ನಾನು ದರ್ಶನ ಮಾತ್ರ ಕೊಡುತ್ತಿದ್ದೆ.

ಅವಳ ರೋಗಿಗಳಲ್ಲಿ ಮಲ್ಲವ್ವ ಎಂಬಾಕೆ ನಮ್ಮಿಬ್ಬರ ನಿದ್ದೆ ಕೆಡಿಸಿದ್ದಳು. ಮೈಂದರ್ಗಿಯ ಆಚೆ ಹೊಲದ ನಡುವಿನ ವಸ್ತಿಯಲ್ಲಿರುವ, ಕುರಿ ಸಾಕುವ ಮನೆತನದ ಹಿರಿಯಳು. ಪ್ರತಿ ಬಾರಿಯೂ ಪೂರ್ತಿ ಖಾಲಿಯಾದ ಸ್ಟ್ರಿಪ್ಪನ್ನು ಪ್ರಮಾಣಪತ್ರದಂತೆ ಮೇಜಿನ ಮೇಲಿಡುವಳು. ಪ್ರತಿ ಬಾರಿಯೂ ಒತ್ತಡ ಕಿಂಚಿತ್ತೂ ಇಳಿದಿರುತ್ತಿರಲಿಲ್ಲ. ದವಾಖಾನೆಯ ಡಾಕ್ಟರು ತರುಣರು, ಪ್ರಾಮಾಣಿಕರು. ಬರುವ ಶನಿವಾರವೂ ಹೀಗೇ ಇದ್ದರೆ ಪ್ರಮಾಣವನ್ನು ಎರಡು ಪಟ್ಟು ಮಾಡುವುದಾಗಿ ಹೇಳಿಬಿಟ್ಟರು. ಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ನಿರ್ಣಯ. ಮಲ್ಲವ್ವನಿಗೆ ಮಾತ್ರ ಅದು ಶಿಕ್ಷೆಯಾಗಿ ಕೇಳಿಸಿತು. ಆಕೆಯ ಅಕ್ಕನಿಗೆ ಹೀಗೆಯೇ ಗುಳಿಗೆ ಏರಿಸಿದಾಗ ತಲೆ ತಿರುಗಿ ಬದುವಿನ ಮೇಲೆ ಬಿದ್ದು, ಆಮೇಲೆ ಅವಳನ್ನು ಮಕ್ಕಳು ಕುರಿಯ ಹಿಂದೆ ಬಿಡಲೇ ಇಲ್ಲವಂತೆ. "ಕುರಿ ಹಿಂದ ಹೋಗಬ್ಯಾಡ ಅಂದ್ರ ನಾ ಮನ್ಯಾಗ ಕುಂತ ಏನ ಎಣಿಸ್ಲಿ, ಗ್ವಾಡಿ ಎಣಿಸ್ಲೇನ?" ಎಂದು ಆಕೆ ಸುಪ್ರಿಯಾಳ ಕೈ ಹಿಡಿದು ಕೇಳಿದಳಂತೆ.

ಹಾಗಾಗಿ ಅದಕ್ಕೆ ಮುಂಚಿನ ಗುರುವಾರ ನಾವಿಬ್ಬರೂ ವಸ್ತಿಗೆ ಹೋದೆವು. ಮಲ್ಲವ್ವ ಕಂಬಳಿ ಹಾಸಿ, "ಬರ್ರಿ ಸಾಹೇಬ್ರ, ಕೂಡ್ರಿ" ಎಂದಳು. ಕೂತ ಕಡೆಯಿಂದ ಎದುರಿಗೇ ದೇವರ ಜಗುಲಿ; ಬೀರಪ್ಪನ ಮುಂದೆ ಅರಿಶಿನದ ಭಂಡಾರದ ಚೀಲ, ಅದಕ್ಕೆ ಒರಗಿಕೊಂಡು, ಒಂದು ಗುಳಿಗೆಯೂ ಕದಲದ, ಹೊಚ್ಚ ಹೊಸ ಸ್ಟ್ರಿಪ್ಪು.

"ಆಯಿ, ಈ ಪಾಕೀಟ ಯಾಕ ಒಡದಿಲ್ಲ? ಇವತ್ತಿಂದು ನುಂಗೀರೋ ಇಲ್ಲೋ?" ಎಂದು ಸುಪ್ರಿಯಾ ಕೇಳಿದಳು.

"ಹಳೀದು ಮಂಗಳಾರಕ್ಕ ಮುಗೀತವ್ವಾ. ನಿನ್ನಿ ಮಗ ಮೆಡಿಕಲ್‍ದಿಂದ ಇದನ್ನ ತಂದಾನ. ಹೊಸಾದು ಅಲ್ಲೇನ? ಐತವಾರ ಬರ್ಲಿ, ಬೀರಪ್ಪಗ ತೋರ್ಸಿ, ಭಂಡಾರ ಹಚ್ಚಿ ಸುರು ಮಾಡ್ತೀನಿ."

"ಪ್ರತಿ ಪಾಕೀಟಿಗೂ ಹಿಂಗೇನ?"

ಉತ್ತರ ಒಳಗಿನಿಂದ, ಸೊಸೆ ಶಾಂತವ್ವನಿಂದ ಬಂತು. "ಬರೇ ಪಾಕೀಟಿಗಿ ಅಲ್ರಿ ಅಕ್ಕಾರ. ಹೊಸಾ ಹಗ್ಗಾ, ಹೊಸಾ ಕತ್ತರಿ, ಹೊಸಾ ಕಂಬಳಿ, ಎಲ್ಲಾಕ್ಕೂ ಐತವಾರನ. ನಾ ಬುಧವಾರ ಮದಿವ್ಯಾಗಿ ಬಂದಿದ್ರ ನನ್ನೂ ಐತವಾರದ ತನಕಾ ಜಗಲಿ ಮುಂದ ಕುಂದರಸ್ತಿದ್ರು!"

"ಕುಂದರಸಿದ್ರ ಚೊಲೋನ ಇತ್ತು. ನಾಕ ದಿನಾ ಮನಿ ಸುಮ್ಮನ ಇರ್ತಿತ್ತು" ಎಂದಳು ಮಲ್ಲವ್ವ.

ನಾನು ಮನಸ್ಸಿನಲ್ಲೇ ವಾರಗಳನ್ನು ಹರಡಿ ನೋಡಿದೆ. ಹತ್ತು ಗುಳಿಗೆಯ ಸ್ಟ್ರಿಪ್ಪು ಐತವಾರ, ಅಂದರೆ ಭಾನುವಾರ, ಆರಂಭವಾದರೆ ಮರುವಾರದ ಮಂಗಳವಾರ ಮುಗಿಯುತ್ತದೆ. ಹೊಸದು ಬಂದು ಮುಂದಿನ ಭಾನುವಾರದವರೆಗೆ ದೇವರ ಮುಂದೆ ತಪಸ್ಸಿಗೆ ಕೂರುತ್ತದೆ. ಆ ಬರಿದಾದ ನಡುಗಾಲದ ಕೊನೆಯ ದಿನವೇ ನಮ್ಮ ಶನಿವಾರ. ಔಷಧ ಮೈಯಲ್ಲಿದ್ದ ಒಂದು ದಿನವೂ ನಾವು ಆಕೆಯ ಒತ್ತಡವನ್ನು ಅಳೆದಿರಲಿಲ್ಲ. ಆಕೆ ಸುಳ್ಳಾಡಿರಲಿಲ್ಲ, ಸ್ಟ್ರಿಪ್ಪು ಸುಳ್ಳಾಡಿರಲಿಲ್ಲ, ಯಂತ್ರವೂ ಸುಳ್ಳಾಡಿರಲಿಲ್ಲ. ಮೂರು ಸತ್ಯಗಳು ಸೇರಿ ಒಂದು ಅಸತ್ಯವನ್ನು ಸಾಕಿದ್ದವು. ಆಮೇಲೆ ಪ್ರಮಾಣ ಇಮ್ಮಡಿಯಾಗಿ, ಯಾವ ಕಾರಣಕ್ಕೋ ಆಕೆ ಬಿಡದೆ ನುಂಗಿದ್ದರೆ, ಅಕ್ಕ ಬಿದ್ದ ಬದುವು ತಂಗಿಗೂ ದೂರವಿರಲಿಲ್ಲ.

ಇಂಥ ಸಂದರ್ಭದಲ್ಲಿ ಅಧ್ಯಾಪಕನಾದವನು ಉಪನ್ಯಾಸ ಕೊಡದೆ ಇರಲಾರ. ರಕ್ತದಲ್ಲಿ ಔಷಧದ ಸಾಂದ್ರತೆ, ಅದರ ಕ್ರಮೇಣ ಕ್ಷಯ, ಕೊನೆಗೆ ಔಷಧ ಅರ್ಧಕ್ಕೆ ಇಳಿಯುವ ಅವಧಿಯಾದ ಅರ್ಧಾಯುಷ್ಯದವರೆಗೆ ಬಂದೆ. ಮಲ್ಲವ್ವ ಗಾಬರಿಯಿಂದ, "ಯಾರ್ದ ಅರ್ಧಾ ಆಯುಷ್ಯ ಹೋತ್ರಿ ಸಾಹೇಬ್ರ?" ಎಂದಳು. ನಾನು ನೀರಿನ ಲೋಟ ಎತ್ತಿಕೊಂಡೆ.

ಸುಪ್ರಿಯಾ ಬೇರೆ ದಾರಿ ಹಿಡಿದಳು. "ಆಯಿ, ಮಗಗ ಹೇಳಿ ತಿಂಗಳಿನ ಪಾಕೀಟ ಎಲ್ಲಾ ಒಮ್ಮೆಲೇ ತರಸ್ರಿ. ಒಂದ ಐತವಾರ ಎಲ್ಲಾಕ್ಕೂ ಭಂಡಾರ ಹಚ್ಚಿಬಿಡ್ರಿ. ಆಮ್ಯಾಲ ಒಂದು ಮುಗದ ಮರುದಿನಾನ ಇನ್ನೊಂದು ಒಡೀರಿ. ಆಗ ಅದು ಹೊಸಾದು ಅಲ್ಲಲ್ಲ?"

ಮಲ್ಲವ್ವ ಜಗುಲಿಯ ಕಡೆ ನೋಡಿದಳು. ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಲ್ಲವ್ವ ಒಲ್ಲೆ ಎಂದರೆ ಶನಿವಾರದ ಹೆಚ್ಚಿನ ಗುಳಿಗೆಯನ್ನು ತಡೆಯಲು ನಮ್ಮಲ್ಲಿ ಬೇರೆ ಉಪಾಯವಿರಲಿಲ್ಲ. ದೇವರ ಎದುರು ಸಂಶೋಧನೆಯ ವಾದ ಹೂಡಲು ನನಗೆ ಧೈರ್ಯವೂ ಇರಲಿಲ್ಲ. ಆಕೆ ಭಂಡಾರದ ಚೀಲವನ್ನು ನೆಟ್ಟಗೆ ಮಾಡಿ ಹೇಳಿದಳು:

"ಹಬ್ಬದಾಗ ನಾವೇನ ಒಂದೊಂದ ಕುರೀಗಿ ಭಂಡಾರ ಹಚ್ಚತೀವೇನ? ಇಡೀ ಹಿಂಡಿನ ಮ್ಯಾಲ ಒಮ್ಮೆ ಒಗೀತೀವಿ. ಆತು, ಇದೂ ಒಂದ ಹಿಂಡ ಅಂತ ತಿಳೀತೀನಿ. ಬೀರಪ್ಪಗೂ ಕೆಲಸಾ ಕಡಿಮಿ ಆಗ್ತದ."

ಶನಿವಾರ ಸುಪ್ರಿಯಾ ಡಾಕ್ಟರಿಗೆ ಎಲ್ಲವನ್ನೂ ವಿವರಿಸಿದಳು. ಅವರು ನಕ್ಕು, ಪ್ರಮಾಣವನ್ನು ಇದ್ದಂತೆಯೇ ಬಿಟ್ಟು, ಕಾದು ನೋಡಲು ಒಪ್ಪಿದರು. ಭಾನುವಾರ ನಮ್ಮಿಬ್ಬರ ಎದುರಿಗೇ ಇಡೀ ತಿಂಗಳಿನ ಸ್ಟ್ರಿಪ್ಪುಗಳು ಒಮ್ಮೆಗೇ ಹಳದಿಯಾದವು. ಅನಂತರದ ಶನಿವಾರಗಳಲ್ಲಿ ಯಂತ್ರದ ಅಂಕಿ ಸಭ್ಯವಾಗಿ ಕೆಳಗಿಳಿಯಿತು. ಮುಂದೊಂದು ಶನಿವಾರ ಮಲ್ಲವ್ವ ಬರಲೇ ಇಲ್ಲ, ಸುಪ್ರಿಯಾ ಆತಂಕದಿಂದ ಫೋನು ಮಾಡಿದರೆ ಶಾಂತವ್ವ, "ಅತ್ತಿ ಕುರಿ ಹಿಂದ ಹೋಗ್ಯಾರ್ರಿ. ನಿಮ್ಮ ಮಸೀನಿಗಿ ಪುರುಸೊತ್ತ ಇದ್ರ ಇಲ್ಲೇ ಅಡವ್ಯಾಗ ತರ್ರಿ ಅಂದಾರ" ಎಂದಳು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸುಪ್ರಿಯಾಳ ಪ್ರಬಂಧ ಮುದ್ರಣಕ್ಕೆ ಹೋಗುವ ಮುನ್ನ, ಅಭ್ಯಾಸಬಲದಿಂದ, ಅಕ್ಕಲಕೋಟಕ್ಕೆ ಹೋಗಿ ಮಲ್ಲವ್ವನ ಮೂಲ ಕೇಸ್ ಪೇಪರನ್ನು ತಾಳೆ ನೋಡಿದೆ. ಅದರಲ್ಲಿ ಭಾನುವಾರವಿಲ್ಲ, ಬೀರಪ್ಪನಿಲ್ಲ. ಮೊದಲ ಭೇಟಿಯಿಂದ ಕೊನೆಯವರೆಗೆ 'ಸೇವನೆ ನಿಯಮಿತ' ಎಂದಿದೆ. ಒತ್ತಡ ಇಳಿದುದಕ್ಕೆ ಕಾರಣ, ಡಾಕ್ಟರರ ದುಂಡನೆಯ ಮರಾಠಿ ಅಕ್ಷರದಲ್ಲಿ, 'ರೋಗಿಯು ಆಹಾರದಲ್ಲಿ ಉಪ್ಪನ್ನು ಕಡಿಮೆ ಮಾಡಿದ್ದಾರೆ'. ಭಂಡಾರ ಹಚ್ಚಿದ ಆ ಭಾನುವಾರ ಮಲ್ಲವ್ವನ ಮನೆಯಲ್ಲಿ ಬಿಸಿ ರೊಟ್ಟಿಯೊಡನೆ ಬಡಿಸಿದ ಶೇಂಗಾ ಚಟ್ನಿಪುಡಿಯನ್ನು, ಇಲ್ಲಿಯ ಮಾತಿನಲ್ಲಿ ಹಿಂಡಿಯನ್ನು, ನಾನು ಉಂಡಿದ್ದೇನೆ. ಉಪ್ಪಿನ ಮಾತೆತ್ತಿದ ಸುಪ್ರಿಯಾಳಿಗೆ ಆಕೆ, "ಉಪ್ಪಿಲ್ಲದ ಹಿಂಡಿ ಕುರಿನೂ ಮೂಸೂದಿಲ್ಲವ್ವಾ" ಎಂದು ಇನ್ನೊಂದು ಚಿಟಿಕೆ ಹಾಕಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನನ್ನ ನೆನಪಿಗೆ ಸಹಿಯಿಲ್ಲ, ಮೊಹರಿಲ್ಲ. ಕೇಸ್ ಪೇಪರಿಗೆ ಎರಡೂ ಇವೆ; ಅದರ ದಿನಾಂಕಗಳನ್ನು ಒಂದೊಂದಾಗಿ ಪರಿಶೀಲಿಸಿದ್ದೇನೆ, ಎಲ್ಲವೂ ಸರಿಯಾಗಿವೆ.