ದನಿಯಿಲ್ಲದೆ ಓದಿದ ಪೇಪರ್

ಕೊಯಮತ್ತೂರಿನ ಹತ್ತಿರ, ಕರುಮತ್ತಂಪಟ್ಟಿಯ ನಮ್ಮ ಮನೆಗೆ ಅಲಾರಂ ಬೇಕಿಲ್ಲ. ಬೆಳಗಾದರೆ ಮಾವ ಪೇಪರ್ ಓದುತ್ತಾರೆ. ಮನಸ್ಸಿನಲ್ಲೇ ಓದಿಕೊಳ್ಳುವ ಪೈಕಿಯಲ್ಲ ಅವರು. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎದುರು ಮನೆಯ ನಾಯಿ ಕಿವಿ ನಿಮಿರಿಸುವಷ್ಟು ಗಟ್ಟಿಯಾಗಿ ಓದುತ್ತಾರೆ. ಪವರ್‌ಲೂಮ್ ಶೆಡ್ಡಿನ ಗದ್ದಲದಲ್ಲಿ ಆಯುಸ್ಸು ಕಳೆದ ಕಿವಿ. ಅವರ ಲೆಕ್ಕದಲ್ಲಿ ಅದು ಪಿಸುಮಾತು.

ಪೇಪರ್ ತಮಿಳಿನದು. ಬಾಯಿಂದ ಬರುವುದು ಮಾತ್ರ ಈ ತಮಿಳು ಸೀಮೆಯಲ್ಲೂ ತಲೆಮಾರುಗಳಿಂದ ಉಳಿದು ಬಂದ ಮನೆಯ ಕನ್ನಡ, ಏಕೆಂದರೆ ಕೇಳುವವರು ನಮ್ಮ ಅತ್ತೆ. ಅತ್ತೆಗೆ ಯಾವ ಲಿಪಿಯೂ ಓದಲು ಬಾರದು. ತಮಿಳು ಕೇಳಿದರೆ ಚೆನ್ನಾಗಿಯೇ ತಿಳಿಯುತ್ತದೆ, ಅಂಗಡಿಯಲ್ಲಿ ಜಗಳವಾಡುವುದೂ ತಮಿಳಿನಲ್ಲೇ. ಆದರೆ ಮನೆಯೊಳಗೂ ತಮಿಳೇ ಎಂದರೆ ಮೂಗು ಮುರಿಯುತ್ತಾರೆ. ದಿಲ್ಲಿ, ಚೆನ್ನೈ ಸುದ್ದಿ ಇಬ್ಬರಿಗೂ ಬೇಡ. ನೇರವಾಗಿ ನಮ್ಮ ಜಿಲ್ಲೆಯ ಪುಟ. ನಾಳೆ ಎಲ್ಲೆಲ್ಲಿ ಕರೆಂಟ್ ಇಲ್ಲ ಎಂಬುದು ಮೊದಲು. ಆಮೇಲೆ ಕಿಣತ್ತುಕಡವಿನ ಮಾರ್ಕೆಟ್ಟಿನಲ್ಲಿ ಟೊಮೇಟೊ ರೇಟು ಏನಾಯಿತು, ಯಾವ ಬಸ್ ಸ್ಟಾಂಡಿನಲ್ಲಿ ಯಾರ ಸರ ಹೋಯಿತು. ಈ ವರ್ಷ ಮದುಕ್ಕರೈ ಕಡೆ ಒಂದು ಚಿರತೆ ಓಡಾಡುತ್ತಿದೆ ಎಂದು ಸುದ್ದಿ ಬಂದ ಮೇಲೆ ಅತ್ತೆಗೆ ಉಳಿದದ್ದೆಲ್ಲ ಸಪ್ಪೆ. ಟಿ.ವಿ.ಯಲ್ಲೂ ಬರುತ್ತದಲ್ಲ ಎಂದು ನಾನು ಒಮ್ಮೆ ಹೇಳಿದ್ದೆ. "ಟಿ.ವಿ.ಯವ್ನು ನಾ ಕೇಳಿದ್ದುಕ್ಕೆ ಬದ್ಲು ಹೇಳ್ತಾನಾ ಕಣ್ಣು?" ಎಂದರು. ಇಲ್ಲಿ ಪ್ರೀತಿಯಿಂದ ಕರೆಯುವಾಗ ಹಾಗೇ, ಕಣ್ಣು.

ನಾನು ಅರಸೀಕೆರೆ ಕಡೆಯವಳು. ನಮ್ಮ ಮನೆಯಲ್ಲಿ ಅಪ್ಪ ಪೇಪರ್ ಓದುತ್ತಿದ್ದರೆ ಸೊಳ್ಳೆ ಹಾರಿದ್ದು ಕೇಳಿಸುತ್ತಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಮಾವನ ದನಿಗೆ ಬೆಚ್ಚಿಬೀಳುತ್ತಿದ್ದೆ. ಆಮೇಲೆ ಗೊಣಗತೊಡಗಿದೆ. ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯ ಕೆಲಸಕ್ಕೆ ಹೊರಡುವ ಗಡಿಬಿಡಿ, ಒಲೆಯ ಮೇಲೆ ಪಲ್ಯ, ಅದರ ನಡುವೆ ಯಾರದೋ ಸರಗಳ್ಳತನ. ತಲೆ ಚಿಟ್ಟು ಹಿಡಿಯದೆ ಇನ್ನೇನು?

ಈ ದನಿ ಈ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಒಡೆಯಿತು. ಮೊದಲು ಶೀತ ಎಂದರು. ಕಷಾಯ ಆಯಿತು, ಉಪ್ಪುನೀರು ಆಯಿತು, ಮಾತ್ರೆಯೂ ಆಯಿತು. ಕೊನೆಗೆ ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಗಂಟಲೊಳಗೆ ಸಣ್ಣ ಗಂಟು ಕಂಡಿತು. ತೆಗೆದು ಪರೀಕ್ಷೆಗೆ ಕಳಿಸಿದರು. ಆ ರಿಪೋರ್ಟ್ ಬರುವ ತನಕ ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಸರಿಯಾಗಿ ಇಳಿಯಲಿಲ್ಲ. ಕೆಟ್ಟ ಗಂಟು ಅಲ್ಲ ಎಂದು ತಿಳಿದಾಗ ಹೋದ ಜೀವ ಬಂದಂತಾಯಿತು. ಅತ್ತೆ ಆಸ್ಪತ್ರೆಯ ವರಾಂಡದಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಗಾಯ ಮಾಯುವ ತನಕ, ಅಂದರೆ ಮೂರು ವಾರ, ಒಂದು ಶಬ್ದವೂ ಕೂಡದು, ಪಿಸುಗುಟ್ಟುವುದೂ ಕೂಡದು. ಅಷ್ಟಾದ ಮೇಲೆ ದನಿ ಬರುತ್ತದಾ ಎಂದು ನನ್ನ ಗಂಡ ಕೇಳಿದರು. ಬರಬೇಕು, ಆದರೆ ಎಷ್ಟು ಬರುತ್ತದೆ ಎಂದು ಈಗಲೇ ಹೇಳಲಾರೆ ಎಂದರು ಡಾಕ್ಟರು. ಮಾವ ನೆಲ ನೋಡುತ್ತ ಕೂತಿದ್ದರು. ಅಷ್ಟು ಎತ್ತರದ ಆಳು ಅವತ್ತು ಕುರ್ಚಿಯಲ್ಲಿ ಪುಟ್ಟದಾಗಿ ಕಂಡರು.

ಮರುದಿನದಿಂದ ಬೆಳಗುಗಳು ಬಿಕೋ ಎನ್ನತೊಡಗಿದವು. ಮಾವ ಜಗಲಿಯಲ್ಲಿ ಕೂತು ಪೇಪರ್ ಮಗುಚುತ್ತಿದ್ದರು, ಹಾಳೆಯ ಸದ್ದು ಬಿಟ್ಟರೆ ಏನಿಲ್ಲ. ಎದುರು ಮನೆಯವರು ಬಂದು ನಾಳೆ ಕರೆಂಟ್ ಇದೆಯಾ ಎಂದು ನನ್ನನ್ನು ಕೇಳಿ ಹೋದರು; ಇಷ್ಟು ದಿನ ಅವರೂ ಇಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದರಂತೆ! ಅತ್ತೆಗಾಗಿ ನಾನೇ ಓದಲು ಕೂತೆ. ನನ್ನ ತಮಿಳು ಓದು ಬಸ್ಸಿನ ಬೋರ್ಡಿನಿಂದ ಮುಂದೆ ಹೋದದ್ದಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಮದುಕ್ಕರೈ ಎಂದು ಓದಿ ಮುಗಿಸುವ ಹೊತ್ತಿಗೆ ಚಿರತೆ ಕೇರಳದ ಗಡಿ ದಾಟಿರುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಸಹಿಸಿಕೊಂಡು, ಇರಲಿ ಬಿಡು, ನಿನಗೆ ಕೆಲಸ ಇದೆ ಎಂದು ಮೆಲ್ಲಗೆ ಪೇಪರ್ ಕಿತ್ತುಕೊಂಡು ಮಾವನಿಗೆ ಕೊಟ್ಟರು. ನನಗೆ ಸ್ವಲ್ಪ ಕೋಪವೇ ಬಂತು.

ಎರಡು ದಿನ ಕಳೆದಿರಬೇಕು. ಅತ್ತೆ ಅಡುಗೆಮನೆಗೆ ಬಂದು, ಅವರೆಕಾಯಿ ಬುಟ್ಟಿ ಕೆಳಗಿಟ್ಟು, ಏನೂ ಆಗದವರ ಹಾಗೆ ಹೇಳಿದರು. ಚಿರತೆಗೆ ಕೂಂಡು, ಅಂದರೆ ಬೋನು, ಇಟ್ಟಿದ್ದಾರಂತೆ, ಒಳಗೆ ಒಂದು ಆಡು ಕಟ್ಟಿದ್ದಾರಂತೆ, ರಾತ್ರಿ ಅದು ಬಂದು ಬೋನಿನ ಸುತ್ತ ತಿರುಗಿ ಹಾಗೇ ಹೋಯಿತಂತೆ. ಆ ಆಡಿನ ಗತಿ ನೆನೆದರೆ ಪಾಪ ಅನ್ನಿಸುತ್ತದೆ ಎಂದೂ ಸೇರಿಸಿದರು.

ಯಾರು ಹೇಳಿದರು ಎಂದೆ.

"ಇವ್ರೇ."

ಡಾಕ್ಟರು ಅಷ್ಟು ಒತ್ತಿ ಹೇಳಿದ್ದಾರೆ, ಇವರು ಇಲ್ಲಿ ಚಿರತೆ ಕತೆ ಹೇಳುತ್ತಿದ್ದಾರೆ! ಸೌಟು ಹಿಡಿದೇ ಜಗಲಿಗೆ ನುಗ್ಗಿದೆ. ಮಾವ, ಮಾತಾಡಿದಿರಾ, ದನಿ ಹೋದರೆ ಆಮೇಲೆ ಯಾರನ್ನು ಕೇಳೋಣ, ಒಂದು ಚಿರತೆಗೋಸ್ಕರ ಹೀಗೆ ಮಾಡೋದಾ ಎಂದು ಉಸಿರು ಬಿಡದೆ ಬೈದೆ. ಮಾವನಿಗೆ ಬೈದದ್ದು ಅದೇ ಮೊದಲು. ಅವರು ಎರಡೂ ಕೈ ಎತ್ತಿ, ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ನನ್ನ ಹಿಂದೆ ಬಂದ ಅತ್ತೆಯ ಕಡೆ ತಿರುಗಿ ತುಟಿ ಆಡಿಸಿದರು. ಉಸಿರಿಲ್ಲ, ಶಬ್ದವಿಲ್ಲ, ತುಟಿ ಮಾತ್ರ. ಜೊತೆಗೆ ಎರಡು ಬೆರಳು ಏನೋ ಕತ್ತರಿಸಿದ ಹಾಗೆ ಆಡಿದವು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

"ಸೊಸೆ ಕೂಂಡಿಂದ ಬಿಡ್ಸ್ಕೊಂಡು ಬಂದ ಚಿರ್ತೆಯಂಗವ್ಳೆ ಅಂತಾರೆ."

ಆಗ ತಿಳಿಯಿತು. ಮಗ್ಗಗಳು ಓಡುವಾಗ ಶೆಡ್ಡಿನೊಳಗೆ ಕಿವಿಯ ಹತ್ತಿರ ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ಕೆಲಸ ಮಾಡುವವರು ತುಟಿ ನೋಡಿ ಮಾತಾಡುತ್ತಾರೆ, ಸಾಲದ್ದಕ್ಕೆ ಕೈ. ಅತ್ತೆಯೂ ಅದೇ ಶೆಡ್ಡಿನಲ್ಲಿ ದುಡಿದವರು; ಮಾವ ಆ ಗೋಡೆಯ ಕಡೆಯ ಮಗ್ಗಗಳಿಗೆ, ಅತ್ತೆ ಈ ಗೋಡೆಯ ಕಡೆಯವಕ್ಕೆ. ಮದುವೆಯಾದ ಹೊಸದರಿಂದ ಅತ್ತೆ ಮಂಡಿನೋವಿಗೆ ಕೆಲಸ ಬಿಡುವ ತನಕ ಅವರು ಸಂಸಾರದ ಮಾತೆಲ್ಲ ಆಡಿದ್ದು ಹಾಗೆಯೇ. ಯಾರಿಗೆ ಹುಷಾರಿಲ್ಲ, ಮಧ್ಯಾಹ್ನಕ್ಕೆ ಏನು ಸಾರು, ಓನರ್ ಬರ್ತಾ ಇದ್ದಾನೆ ನೋಡು, ಎಲ್ಲವೂ. ಸಂಜೆ ಗಂಡನಿಗೆ ಇದನ್ನು ದೊಡ್ಡ ಸಂಗತಿಯಂತೆ ಹೇಳಿದರೆ, ಅದರಲ್ಲೇನಿದೆ, ನಮ್ಮ ಬೀದಿಯಲ್ಲಿ ಎಲ್ಲರಿಗೂ ಬರುತ್ತದೆ ಎಂದರು. ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಬಾರದಿತ್ತೇ? ಅವರನ್ನೂ ಬೈದೆ.

ಅಲ್ಲಿಂದ ಅತ್ತೆಯ ಮುಖ ತಿಳಿಯಾಯಿತು. ಬೆಳಗ್ಗೆ ಜಗಲಿಯಲ್ಲಿ ಎದುರುಬದುರು ಕೂತು, ಮಾವ ತುಟಿಯಲ್ಲಿ ಓದಿದರೆ ಅತ್ತೆ ಬಾಯಿಬಿಟ್ಟು ಪ್ರಶ್ನೆ ಕೇಳುವರು. ಹೊರಗಿನವರು ನೋಡಿದರೆ ಅತ್ತೆ ಒಬ್ಬರೇ ಮಾತಾಡಿಕೊಳ್ಳುತ್ತಿದ್ದಾರೆ ಅನ್ನಬೇಕು. ನಾನು ಬಾಗಿಲಲ್ಲಿ ನಿಂತು ಆ ತುಟಿಗಳನ್ನು ದಿಟ್ಟಿಸಿ ನೋಡುತ್ತಿದ್ದೆ. ಒಂದು ಪದವೂ ದಕ್ಕಲಿಲ್ಲ. ಮಾವನ ದನಿ ಬಾರದೇ ಹೋದರೆ ಅತ್ತೆಗೆ ಸುದ್ದಿ ತಪ್ಪುವುದಿಲ್ಲ, ತಪ್ಪುವುದು ನನಗೆ. ಪಲ್ಯ ಕೈಯಾಡಿಸುತ್ತ ನಾನೂ ಆ ಚಿರತೆಯನ್ನು ದಿನಾ ಹಿಂಬಾಲಿಸುತ್ತಿದ್ದೆ ಎಂದು ಆಗ ಗೊತ್ತಾಯಿತು. ಆ ದನಿ ಬರಲಿ ದೇವರೇ, ಬೀದಿಗೆಲ್ಲ ಕೇಳಲಿ ಎಂದು ಒಲೆಯ ಮುಂದೆ ನಿಂತು ಬೇಡಿಕೊಂಡೆ.

ಮೂರು ವಾರ ಮುಗಿದ ಮೇಲೆ ನಾನು, ಅತ್ತೆ, ಮಾವ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಂಟಲೊಳಗೆ ನೋಡಿ, ಗಾಯ ಚೆನ್ನಾಗಿ ವಾಸಿಯಾಗಿದೆ, ಈಗ ಏನಾದರೂ ಹೇಳಿ ಎಂದು ತಮಿಳಿನಲ್ಲಿ ಹೇಳಿದರು. ಮಾವ ಅತ್ತೆಯನ್ನು ನೋಡಿದರು. ಬಾಯಿ ತೆರೆದರು. ತುಟಿ ಆಡಿತು.

ಶಬ್ದವೇ ಇಲ್ಲ.

ಡಾಕ್ಟರ ಹುಬ್ಬು ಗಂಟಿಕ್ಕಿತು. ಅತ್ತೆ ಮಾತ್ರ ಮಾವನ ತೋಳಿಗೆ ಒಂದು ಏಟು ಕೊಟ್ಟರು.

"ಮನೆಗೆ ಹೋಗಾಣ ಅಂತ ನಂಗೆ ಹೇಳಿದ್ರೆ ಆತಾ? ಇಲ್ಲೇನು ಮಗ್ಗ ಓಡ್ತಾ ಅದಾ? ಅವ್ರಿಗೆ ಕೇಳಂಗೆ ಹೇಳಿ."

ಮಾವ ತಬ್ಬಿಬ್ಬಾಗಿ ಡಾಕ್ಟರನ್ನು ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. ಒರಟಾಗಿ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ, ಆದರೆ ಖಂಡಿತ ನಮ್ಮ ಮಾವನದೇ ದನಿ ಬಂತು.

"ನಿಂಗೆ ಕೇಳ್ತಲ್ಲ. ಸಾಕು."

ಡಾಕ್ಟರಿಗೆ ಕನ್ನಡ ಬಾರದು. ಏನು ಹೇಳಿದರು ಎಂದು ನಗುತ್ತ ನನ್ನನ್ನು ಕೇಳಿದರು. ನಾನು ಹೇಳಲು ಹೊರಟೆ, ಅಷ್ಟರಲ್ಲಿ ಅತ್ತೆ ಕಣ್ಣು ಒರೆಸಿಕೊಂಡು ತಮಿಳಿನಲ್ಲಿ ತಾವೇ ಉತ್ತರ ಕೊಟ್ಟರು. ಏನಿಲ್ಲ ಸಾರ್, ಟೀ ಕುಡಿಯಬಹುದಾ ಎಂದು ಕೇಳುತ್ತಿದ್ದಾರೆ ಅಷ್ಟೇ. ಧಾರಾಳವಾಗಿ ಕುಡಿಯಲಿ, ಬಿಸಿ ಸ್ವಲ್ಪ ಕಡಿಮೆ ಇರಲಿ ಎಂದರು ಡಾಕ್ಟರು.