ಯುಜಿನನ ನಂಬರಿನಲ್ಲಿ ದೇವಕಿಯ ಸೀಟು

ಬೆನೆಡಿಕ್ಟಾ ಟೀಚರ ಬೆರಳುಗಳಿಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಗಡಿನಾಡಿನ ಕುಂಬಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೈಯರ್ ಪರೀಕ್ಷೆ ಪಾಸು ಮಾಡಿದ ಬೆರಳುಗಳು ಅವು. ಇನ್‌ಸ್ಟಿಟ್ಯೂಟು ಮುಚ್ಚಿ ಟೈಪ್‌ರೈಟರುಗಳೆಲ್ಲ ಗುಜರಿಗೆ ಹೋದ ಮೇಲೆ ಅವರು ಹತ್ತಿರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ಸೇರಿದರು. ಡಿಗ್ರಿಗೆ ಬರುವ ಮಕ್ಕಳಿಗೆ ಇಮೇಲ್ ಬರೆಯುವುದು, ಅರ್ಜಿ ತುಂಬುವುದು, ಫೈಲು ಅಪ್‌ಲೋಡ್ ಮಾಡುವುದು ಕಲಿಸುವ ಕೆಲಸ. ಆದರೆ ಕಲಿಸಲು ಕೂತರೆ, ಕನ್ನಡ ಮೀಡಿಯಮ್ಮಿನಿಂದ ಬಂದ ಹುಡುಗಿಯೊಬ್ಬಳು ಕಳೆದುಹೋದ ಮೂಗುತಿ ಹುಡುಕುವ ಹಾಗೆ ಕೀಬೋರ್ಡಿನ ಮೇಲೆ ‘ಕೆ’ ಅಕ್ಷರ ಹುಡುಕುತ್ತಾಳೆ. ಹಿಂದೆ ಮೂವತ್ತು ಮಂದಿಯ ಕ್ಯೂ. ಟೀಚರಿಗೆ ನೋಡಿಕೊಂಡು ಕೂರಲು ಆಗುವುದಿಲ್ಲ. ಹುಡುಗಿಯನ್ನು ಅತ್ತ ಸರಿಸಿ, ತಾವೇ ಕೂತು ಎರಡು ನಿಮಿಷದಲ್ಲಿ ಮುಗಿಸಿ ಎದ್ದುಬಿಡುತ್ತಾರೆ.

ಹೀಗೆ ಹನ್ನೊಂದು ವರ್ಷ. ಅರ್ಜಿ ತುಂಬುವವರು ಟೀಚರು, ಪಾಸ್‌ವರ್ಡ್ ಇಡುವವರು ಟೀಚರು, ಅದನ್ನು ಉದ್ದದ ಪುಸ್ತಕದಲ್ಲಿ ಬರೆದಿಡುವವರೂ ಅವರೇ. ಮಕ್ಕಳು ಪಾಸಾಗಿ ಹೋಗುತ್ತಿದ್ದರು, ವರ್ಡು ಮಾತ್ರ ಟೀಚರ ಬಳಿಯೇ ಉಳಿಯುತ್ತಿತ್ತು. ಮೊಬೈಲ್ ನಂಬರಿನ ಕಾಲಮ್ಮು ಬಂದಾಗಲೂ ಹಾಗೆಯೇ. ಮನೆಗೊಂದೇ ಫೋನು, ಅದು ಅಪ್ಪನ ಕಿಸೆಯಲ್ಲಿ, ಅಪ್ಪ ಯಾವ ತೋಟದಲ್ಲೋ ಯಾವ ದೋಣಿಯಲ್ಲೋ. ಹಾಗಾಗಿ ಅಲ್ಲಿಗೂ ಟೀಚರು ತಮ್ಮ ನಂಬರನ್ನೇ ಹಾಕುತ್ತಿದ್ದರು. ಒಟಿಪಿ ಲ್ಯಾಬಿಗೇ ಬರುತ್ತದೆ, ಕೆಲಸ ಅಲ್ಲಿಂದಲ್ಲಿಗೆ ಮುಗಿಯುತ್ತದೆ. ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಈ ಬಗ್ಗೆ ಹೊಗಳಿದ್ದೂ ಉಂಟು.

ವರ್ಕಾಡಿಯ ದೇವಕಿಯ ಅರ್ಜಿಯೂ ಇದೇ ದಾರಿಯಲ್ಲಿ ಹೋದದ್ದು. ತಾಯಿ ಬೀಡಿ ಕಟ್ಟಿ ಓದಿಸಿದ ಹುಡುಗಿ, ಲೆಕ್ಕದಲ್ಲಿ ಚುರುಕು. ಯೂನಿವರ್ಸಿಟಿಯ ಎಂ.ಎಸ್ಸಿ. ಗಣಿತದ ಮೊದಲ ಅಲಾಟ್‌ಮೆಂಟಿನಲ್ಲೇ ಅವಳ ಹೆಸರು ಬಂತು. ಮರುದಿನ ಸಂಜೆ ನಾಲ್ಕರೊಳಗೆ ವೆಬ್‌ಸೈಟಿನಲ್ಲಿ ಸೀಟು ಬೇಕೆಂದು ಒಪ್ಪಿಗೆ ಒತ್ತಬೇಕು, ಒತ್ತದಿದ್ದರೆ ಸೀಟು ಪಟ್ಟಿಯಲ್ಲಿ ಹಿಂದಿದ್ದವರಿಗೆ. ಈಗ ಎಂತ ಮಾಡಬೇಕೆಂದು ಅವಳು ಹೆಸರು ಬಂದ ಸಂಜೆಯೇ ಫೋನಿನಲ್ಲಿ ಕೇಳಿದ್ದಳು. ನೀನು ಒತ್ತಲು ಹೋಗಿ ಎಡವಟ್ಟು ಮಾಡಬೇಡ, ನಾಳೆ ಲ್ಯಾಬಿಗೆ ಬಾ, ಸಮಾಧಾನದಲ್ಲಿ ಮಾಡುವ ಎಂದಿದ್ದರು ಟೀಚರು.

ಬೆಳಿಗ್ಗೆ ಹತ್ತಕ್ಕೆ ದೇವಕಿ ಬಂದಳು. ಟೀಚರು ಪುಸ್ತಕ ನೋಡಿ ಪಾಸ್‌ವರ್ಡ್ ಹೊಡೆದರು. ಒಟಿಪಿ ಬರಲಿಲ್ಲ. ಇನ್ನೊಮ್ಮೆ ಹೊಡೆದರು. ಸರ್ವರ್ ಡೌನ್ ಇರಬೇಕೆಂದು ಕಾದರು. ಕೊನೆಗೆ ಫೋನು ತೆಗೆದು ನೋಡಿದರೆ ಸಿಗ್ನಲಿನ ಕಡ್ಡಿ ಒಂದೂ ಇಲ್ಲ. ಟೆರೇಸು ಹತ್ತಿದರು, ಸಿಮ್ ತೆಗೆದು ಸೆರಗಿಗೆ ಉಜ್ಜಿ ಮತ್ತೆ ಹಾಕಿದರು. ಅದೇ ಕಂಪೆನಿಯ ಸಿಮ್ ಇದ್ದ ಅಟೆಂಡರನ ಫೋನು ಮಾತ್ರ ಚೆನ್ನಾಗಿಯೇ ರಿಂಗಾಗುತ್ತಿತ್ತು. ಸರ್ವರ್ ಸರಿಯಾಗಿತ್ತು, ಡೌನ್ ಆದದ್ದು ಲ್ಯಾಬಿನಲ್ಲಿದ್ದ ಸರ್ವರೂ.

ಬಸ್ಸು ಹಿಡಿದು ಇಬ್ಬರೂ ಬಂದ್ಯೋಡಿಗೆ ಓಡಿದರು. ಅಲ್ಲಿ ಹೈವೇ ಪಕ್ಕ ಮೊಬೈಲ್ ಅಂಗಡಿ ಇಟ್ಟಿರುವ ಪ್ರವೀತ್ ಟೀಚರ ಹಳೆಯ ವಿದ್ಯಾರ್ಥಿ. ಅವನು ನಂಬರು ಹಾಕಿ ನೋಡಿದ.

"ನಂಬರು ನಿನ್ನೆ ರಾತ್ರಿ ಬಂದ್ ಆಗಿದೆ ಟೀಚರ್. ಯುಜಿನ್ ಕ್ರಾಸ್ತಾ ಅಂತ ಹೆಸರು ತೋರಿಸ್ತದೆ."

ಯುಜಿನ್ ಟೀಚರ ಗಂಡ. ತೀರಿಕೊಂಡು ನಾಲ್ಕು ವರ್ಷ. ಮದುವೆಯಾದ ವರ್ಷ ತನ್ನ ಹೆಸರಿನಲ್ಲಿ ತೆಗೆಸಿ ಹೆಂಡತಿಯ ಕೈಗೆ ಕೊಟ್ಟ ನಂಬರು ಅದು.

ಕೆವೈಸಿ ಹೊಸದಾಗಿ ಕೊಡಿ ಎಂದು ಕಂಪೆನಿಯಿಂದ ನಾಲ್ಕೈದು ಸಲವಾದರೂ ಮೆಸೇಜು ಬಂದಿರಬೇಕಲ್ಲ ಎಂದು ಪ್ರವೀತ್ ಕೇಳಿದ. ಬಂದಿತ್ತು. ‘ಪ್ರಿಯ ಯುಜಿನ್’ ಎಂದು ಶುರುವಾಗುವ ಮೆಸೇಜುಗಳು. ಕೆವೈಸಿ ಎಂದು ಯಾರು ಕೇಳಿದರೂ ಅದು ಮೋಸ, ಓದದೆ ಅಳಿಸಿಬಿಡಿ ಎಂದು ಪ್ರತಿ ವರ್ಷ ಹೊಸ ಬ್ಯಾಚಿಗೆ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ತೋರಿಸುವವರು ಟೀಚರೇ. ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ ವಿದ್ಯಾರ್ಥಿನಿಯೂ ಅವರೊಬ್ಬರೇ. ಒಂದು ಮೆಸೇಜನ್ನು ಮಾತ್ರ ಅಳಿಸದೆ ಎರಡು ದಿನ ಇಟ್ಟುಕೊಂಡಿದ್ದರು. ಆ ಹೆಸರಿನ ಹಿಂದೆ ಪ್ರಿಯ ಎಂದು ಬರೆಯುವವರು ಲೋಕದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

"ಇನ್ನು ಎಂತ ಮಾಡುವುದು?"

"ಹೆಸರಿನವರು ಸ್ವತಃ ಬರಬೇಕು ಅಂತ ಉಂಟು ಟೀಚರ್, ಸಿಸ್ಟಮ್ಮಿನಲ್ಲಿ." ಪ್ರವೀತ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಜೀವ ಇದ್ದಾಗಲೇ ಅವರು ಹೇಳಿದ ಹೊತ್ತಿಗೆ ಬಂದವರಲ್ಲ ಮಾರಾಯ."

ಮರಣದ ಸರ್ಟಿಫಿಕೇಟು ಬೇಕು, ವಿಲೇಜ್ ಆಫೀಸಿನಿಂದ ವಾರಸುದಾರರೆಂದು ಕಾಗದ ಬೇಕು, ಎಲ್ಲ ಕೊಟ್ಟ ಮೇಲೂ ಮೂರು ದಿನ ಎಂದ ಪ್ರವೀತ್. ಅವನ ಫೋನಿನಿಂದಲೇ ಯೂನಿವರ್ಸಿಟಿಯ ಹೆಲ್ಪ್‌ಲೈನಿಗೆ ಮಾಡಿದರು. ನಲವತ್ತು ನಿಮಿಷ ವೀಣೆ ಕೇಳಿಸಿ, ಆಮೇಲೆ ಒಬ್ಬಾಕೆ ಮಲಯಾಳದಲ್ಲಿ ಬಹಳ ಮರ್ಯಾದೆಯಿಂದ, ನಂಬರು ಬದಲಿಸಲು ಲಾಗಿನ್ ಆಗಿ ಅರ್ಜಿ ಕೊಡಿ ಎಂದಳು. ಲಾಗಿನ್ನಿಗೆ ಒಟಿಪಿ ಬೇಕು, ಒಟಿಪಿಗೆ ನಂಬರು ಬೇಕು, ನಂಬರಿಗೆ ಯುಜಿನ್ ಬೇಕು. ಇದನ್ನು ವಿವರಿಸುವಷ್ಟರಲ್ಲಿ ಆಕೆ ಲೈನು ಇಟ್ಟಾಗಿತ್ತು. ಕಾಲೇಜಿಗೆ ಮರಳಿ ಪ್ರಿನ್ಸಿಪಾಲರಿಂದ ಇಮೇಲ್ ಕಳಿಸಿದರೆ, ಮೂರು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದು ಆ ಕ್ಷಣವೇ ಉತ್ತರ ಬಂತು.

ಬೆಳಿಗ್ಗೆಯಿಂದ ಹೆಚ್ಚು ಮಾತಾಡದ ದೇವಕಿ ಲ್ಯಾಬಿನ ಸ್ಟೂಲಿನಲ್ಲಿ ಕೂತು ಮೆಲ್ಲಗೆ ಹೇಳಿದಳು:

"ನನ್ನ ಪಾಸ್‌ವರ್ಡ್ ಎಂತ ಅಂತ ನಿನ್ನೆ ಕೇಳುವ ಅಂತ ಇದ್ದೆ ಟೀಚರ್. ನಿನ್ನೆ ನಿಮ್ಮ ಫೋನು ಇತ್ತಲ್ಲ, ಒಟಿಪಿ ನೀವು ಹೇಳ್ತಿದ್ರಿ, ನಾನು ಮನೆಯಲ್ಲೇ ಮಾಡ್ತಿದ್ದೆ. ನಿಮಗೆ ಬೇಜಾರಾದೀತು ಅಂತ ಕೇಳಲಿಲ್ಲ."

 

ಗಡುವಿನ ನಾಲ್ಕು ಗಂಟೆ ಯಾವ ಸದ್ದೂ ಮಾಡದೆ ಕಳೆಯಿತು. ಎರಡನೇ ಪಟ್ಟಿಯ ವರೆಗೆ ನೋಡುವ ಎಂದರು ಪ್ರಿನ್ಸಿಪಾಲರು. ಒಪ್ಪಿಗೆ ಒತ್ತದೆ ಸೀಟು ಬಿಟ್ಟವರಿಗೆ ಎರಡನೇ ಪಟ್ಟಿಯಲ್ಲಿ ಜಾಗವಿಲ್ಲವೆಂಬ ನಿಯಮ ಟೀಚರಿಗೆ ಬಾಯಿಪಾಠ. ದೇವಕಿಗೂ ಗೊತ್ತಿತ್ತು. ಮನೆಯಲ್ಲಿ ಎಂತ ಹೇಳುವುದೆಂದು ಮಾತ್ರ ಗೊತ್ತಿರಲಿಲ್ಲ.

ತಾನೇ ಹೇಳುತ್ತೇನೆಂದು ಟೀಚರು ಅವಳೊಟ್ಟಿಗೆ ವರ್ಕಾಡಿಗೆ ಹೊರಟರು. ಹೊಸಂಗಡಿಯಲ್ಲಿ ಬಸ್ಸು ಬದಲಿಸುವಾಗ ಒಮ್ಮೆ ಓಡಿಹೋಗುವ ಎನಿಸಿತು. ಮನೆಯ ಜಗಲಿಯಲ್ಲಿ ದೇವಕಿಯ ತಾಯಿ ಮೊರ ಮಡಿಲಲ್ಲಿಟ್ಟು ಬೀಡಿ ಎಲೆ ಕತ್ತರಿಸುತ್ತಿದ್ದರು. ಟೀಚರು ಮನೆಗೇ ಬಂದದ್ದು ನೋಡಿ ಅವರ ಮುಖ ಬೆಳಗಿತು. ಸೆರಗಿನಿಂದ ಬೆಂಚು ಒರೆಸಿ ಕೊಟ್ಟರು.

ಟೀಚರು ತುಳುವಿನಲ್ಲಿ ಹೇಳತೊಡಗಿದರು. ನಂಬರು, ಒಟಿಪಿ, ಬಂದ್ ಆದದ್ದು, ನಾಲ್ಕು ಗಂಟೆ. ಹೇಳಿದಷ್ಟೂ ಅದು ಯಾರದೋ ಮನೆಯ ಸುದ್ದಿಯಂತೆ ಕೇಳಿಸಿತು. ತಾಯಿ ಎಲ್ಲಕ್ಕೂ ತಲೆಯಾಡಿಸಿದರು.

"ನನಗೆ ಅದೆಲ್ಲ ಗೊತ್ತಾಗುವುದಿಲ್ಲ ಟೀಚರ್. ನೀವು ಮಾಡಿದ್ದಲ್ವಾ, ಸರಿಯೇ ಇರ್ತದೆ. ಚಾ ಇಡ್ತೇನೆ."

"ಸರಿ ಆಗಲಿಲ್ಲ ಅಮ್ಮ," ಎಂದಳು ದೇವಕಿ. "ಸೀಟು ಹೋಯಿತು."

ಏಳಲು ಹೊರಟ ತಾಯಿ ಅರ್ಧಕ್ಕೆ ನಿಂತರು. ಮಗಳನ್ನು ನೋಡಲಿಲ್ಲ. ಹಾಗೇನಿಲ್ಲ ಎಂದು ಹೇಳಲಿ ಎಂಬಂತೆ ಟೀಚರನ್ನೇ ನೋಡಿದರು.

"ಹೌದು," ಎಂದರು ಬೆನೆಡಿಕ್ಟಾ. "ನನ್ನಿಂದ ಹೋಯಿತು."

ತಾಯಿ ಮತ್ತೆ ಕೂತರು. ಕತ್ತರಿ ಕೈಯಲ್ಲೇ ಇತ್ತು, ಎಲೆ ತೆಗೆದುಕೊಳ್ಳಲಿಲ್ಲ.